ಬರೆಯದೆ ಹಾಕಿದ ನೀರು

ಚಿಕ್ಕಮೇಸ್ತ್ರಿ ವಿಮಾನ ಹತ್ತುತ್ತಾಳಂತೆ ಎಂಬ ಸುದ್ದಿ ಬೀದಿಯೆಲ್ಲ ಹಬ್ಬಿದಾಗ ಎದುರುಮನೆಯಾಕೆ ಬಂದು ಕೇಳಿದ್ದು ಒಂದೇ ಮಾತು: "ಅಮೆರಿಕಾನಾ?" ಅಲ್ಲ ಎಂದಳು ಹುಡುಗಿಯ ತಾಯಿ. "ಹಾಗಾದ್ರೆ ಲಂಡನ್ನಾ?" ಅದೂ ಅಲ್ಲ, ಏಷ್ಯಾದಲ್ಲೇ ಇನ್ನೊಂದು ದೇಶ, ಐದು ತಿಂಗಳು ಅಲ್ಲಿನ ಯೂನಿವರ್ಸಿಟಿಯಲ್ಲಿ ಓದಿ ವಾಪಸ್ ಬರ್ತಾಳೆ ಎಂದದ್ದೇ ತಡ, "ಓ, ಇಲ್ಲೇ ಪಕ್ಕದಲ್ಲಾ!" ಎಂದು ಆಕೆ ಒಲೆಯ ಮೇಲೆ ಹಾಲಿಟ್ಟು ಬಂದವಳ ಹಾಗೆ ಎದ್ದು ಹೋದಳು. ತಾಯಿ ಮೂರು ದಿನ ಆಕೆಯ ಜೊತೆ ಮಾತು ಬಿಟ್ಟಳು.

ಹೆಸರು ಬೇರೆ ಇತ್ತು ಆ ಹುಡುಗಿಗೆ. ಆದರೆ ಅಪ್ಪ ಗಾರೆ ಮೇಸ್ತ್ರಿ. ಐದು ವರ್ಷದವಳಿದ್ದಾಗಿನಿಂದ ಭಾನುವಾರ ಬಂತೆಂದರೆ ಅಪ್ಪನ ಬಾಲ ಹಿಡಿದು ಕೆಲಸದ ಜಾಗಕ್ಕೆ ಹೋಗುವಳು. ಮಾಲು ಕಲಸುವ ಕಡೆ ಸೊಂಟಕ್ಕೆ ಕೈಯಿಟ್ಟು ನಿಂತು, "ಅಪ್ಪಾ, ನೀರು ಸಾಲ್ದು" ಎಂದು ತೀರ್ಪು ಕೊಡುವಳು. ಹತ್ತರಲ್ಲಿ ಎಂಟು ಸಲ ಅದು ಸರಿಯಾಗಿರುತ್ತಿತ್ತು. ಕೆಲಸದವರು ನಕ್ಕು ನಕ್ಕು ಅವಳನ್ನು ಚಿಕ್ಕಮೇಸ್ತ್ರಿ ಎಂದು ಕರೆದರು. ಈಗ ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷ, ಕಾಲೇಜಿಗೇ ಮೊದಲ ಮೂವರಲ್ಲಿ ಒಬ್ಬಳು. ಹಾಗೆಂದು ಆ ಹೆಸರು ಅವಳನ್ನು ಬಿಡಬೇಕಲ್ಲ!

ಅಪ್ಪನ ಕೆಲಸದ ರೀತಿ ಹೀಗೆ: ಜಲ್ಲಿ, ಮರಳು, ಸಿಮೆಂಟು ಬಾಂಡ್ಲಿಯಲ್ಲಿ ಎಣಿಸಿ ಹಾಕಿಸುತ್ತಾನೆ. ನೀರಿಗೆ ಮಾತ್ರ ಎಣಿಕೆಯಿಲ್ಲ. ಕಲಸಿದ ಮಾಲನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ, ಒಣಗಿದೆ ಅನಿಸಿದರೆ ಪಕ್ಕದ ಬಕೆಟ್ಟಿನಿಂದ ಒಂದು ಬೊಗಸೆ ನೀರು ಎತ್ತಿ ಎರಚುತ್ತಾನೆ. ಮೂವತ್ತು ವರ್ಷದಲ್ಲಿ ಅವನು ಕಟ್ಟಿದ ಒಂದು ಗೋಡೆಯೂ ಬಿರುಕು ಬಿಟ್ಟಿಲ್ಲ ಎಂಬುದು ಅವನ ಹೆಮ್ಮೆ. ಕಾಗದದ ಮೇಲೆ ಬರೆದಿಟ್ಟುಕೊಂಡದ್ದು ಒಂದಕ್ಷರವೂ ಇಲ್ಲ.

ಇಂಥ ಮನೆಯಿಂದ ಹೋದವಳು ಆ ಯೂನಿವರ್ಸಿಟಿಯ ಕಾಂಕ್ರೀಟು ಲ್ಯಾಬಿನ ಬಾಗಿಲಲ್ಲಿ ಮೊದಲ ದಿನ ನಿಂತಾಗ ಅವಳ ಮೂಗಿಗೆ ಬಡಿದದ್ದು ಹಸಿ ಸಿಮೆಂಟಿನ ವಾಸನೆ. ಆ ಊರಿನಲ್ಲಿ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ, ಹಾಸ್ಟೆಲಿನ ನಲ್ಲಿ ಯಾವ ಕಡೆ ತಿರುಗಿಸಿದರೆ ಬಿಸಿನೀರು ಎಂದು ತಿಳಿಯಲು ಒಂದು ವಾರ ಹಿಡಿದಿತ್ತು. ಈ ವಾಸನೆ ಮಾತ್ರ ಅಪ್ಪನ ಅಂಗಿಯದೇ. ಅಬ್ಬಾ, ಬದುಕಿದೆ ಅಂದುಕೊಂಡಳು.

ಲ್ಯಾಬೆಂದರೆ ಉದ್ದನೆಯ ಶೆಡ್ಡು. ಒಂದು ಗೋಡೆಗೆ ಕಬ್ಬಿಣದ ಅಚ್ಚುಗಳ ಸಾಲು, ಇನ್ನೊಂದು ಗೋಡೆಗೆ ನೀರಿನ ತೊಟ್ಟಿ. ಅಚ್ಚಿಗೆ ಕಾಂಕ್ರೀಟು ತುಂಬಿ, ಒಳಗೆ ಗಾಳಿ ಉಳಿಯದ ಹಾಗೆ ಸಲಾಕೆಯಿಂದ ಕುಟ್ಟಿ, ಮಾರನೇ ದಿನ ಬಿಚ್ಚಿ, ಆ ಕ್ಯೂಬುಗಳನ್ನು ತೊಟ್ಟಿಯಲ್ಲಿ ಮುಳುಗಿಸಿಡುವುದು. ಏಳನೇ ದಿನ ಮೂರು, ಇಪ್ಪತ್ತೆಂಟನೇ ದಿನ ಮೂರು ಎತ್ತಿ ಪ್ರೆಸ್ಸಿನಲ್ಲಿಟ್ಟು ಒತ್ತಿ ಒಡೆಯುವುದು. ಎಷ್ಟು ಭಾರಕ್ಕೆ ಒಡೆಯಿತು ಎಂಬ ಅಂಕಿಯೇ ಅದರ ಗಟ್ಟಿತನ. ಪ್ರೆಸ್ಸು ನಡೆಸುವವನು ಒಬ್ಬ ಮುದುಕ, ಪ್ರೆಸ್ಸಿಗೂ ಅವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವಳು ಮನಸ್ಸಿನಲ್ಲೇ ಅವನನ್ನು ಪ್ರೆಸ್ಸಜ್ಜ ಎಂದಳು.

ಅವಳಿಗೆ ಜೋಡಿ ಮಾಡಿದ್ದು ಎಂ.ಟೆಕ್ ಹುಡುಗನೊಬ್ಬನ ಜೊತೆ. ಕೆಡವಿದ ಹಳೇ ಕಟ್ಟಡಗಳ ಇಟ್ಟಿಗೆಯನ್ನು ಚೂರು ಮಾಡಿ, ಅರ್ಧ ಜಲ್ಲಿಯ ಬದಲು ಕಾಂಕ್ರೀಟಿಗೆ ಹಾಕಬಹುದೇ ಎಂದು ಅವನು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ. ನೀರು ತೂಗುವಾಗ ಜಗ್ಗಿನ ಅಂಚಿಗೆ ಅಂಟಿದ ಹನಿಯನ್ನೂ ಬಿಡುತ್ತಿರಲಿಲ್ಲ. "ಮೂರು ಗ್ರಾಂ ಜಾಸ್ತಿ ಆಯ್ತು" ಎಂದು ಡ್ರಾಪರ್ ತಂದು ಆ ಮೂರು ಗ್ರಾಂ ಹೀರಿ ತೆಗೆಯುವ ಆಸಾಮಿ! ಅವನಿಗೆ ತಕ್ಕಡಿರಾಯ ಎಂದು ಹೆಸರಿಡದೆ ಇರಲು ಚಿಕ್ಕಮೇಸ್ತ್ರಿಗೆ ಸಾಧ್ಯವಾಗಲಿಲ್ಲ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ಇಲ್ಲಿ ಒಂದೇ ಕಾನೂನು," ಎಂದಿದ್ದ ಅವನು ಮೊದಲ ದಿನ. "ಕಲಸಿದವರು ಏನೇನು ಎಷ್ಟೆಷ್ಟು ಹಾಕಿದ್ರು ಅಂತ ತಮ್ಮ ಕೈಯಲ್ಲೇ ಶೀಟು ತುಂಬಿ ಸಹಿ ಹಾಕ್ಬೇಕು. ಮುಂದಿನವರು ಶೀಟು ನೋಡಿ ಹಾಗೇ ಕಲಸ್ತಾರೆ. ಶೀಟು ಸುಳ್ಳಾದ್ರೆ ಆ ಮಿಕ್ಸು ಕ್ಯಾನ್ಸಲ್."

"ಗೊತ್ತಾಯ್ತು ಮಾರಾಯ," ಎಂದಿದ್ದಳು ಇವಳು, ಇದೇನು ಮಹಾ ಎಂಬ ಧಾಟಿಯಲ್ಲಿ.

ಅವಳ ಪಾಲಿಗೆ ಬಂದದ್ದು ಆರು ಕ್ಯೂಬುಗಳ ಒಂದು ಮಿಕ್ಸು. ಅದರ ಇಪ್ಪತ್ತೆಂಟು ದಿನದ ಫಲಿತಾಂಶ ಸೇರಿಸಿ ವರದಿ ಕೊಟ್ಟರೆ ಪ್ರಾಜೆಕ್ಟಿನ ಅಂಕ. ಊರಿನ ಕಾಲೇಜು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿತ್ತು: ಅಲ್ಲಿಂದ ಪ್ರಾಜೆಕ್ಟಿನ ಅಂಕ ಬಾರದಿದ್ದರೆ ಒಂದು ವರ್ಷ ಪೂರ್ತಿ ಕಿರಿಯರ ಜೊತೆ ಕೂರಬೇಕು. ಅಪ್ಪ ಬೀದಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹೇಳಿಕೊಂಡ ಮಗಳು ಫೇಲಾದವರ ಹಾಗೆ ಹಿಂದಿನ ಬೆಂಚಿಗೆ ಬರುವುದೆಂದರೆ ಅವಳಿಗೆ ಸಾವೇ.

ನಾಲ್ಕನೇ ತಿಂಗಳ ಕೊನೆಗೆ ಅವಳ ಸರದಿ ಬಂತು. ಕಲಸುವ ದಿನ ಮಂಗಳವಾರ. ತಕ್ಕಡಿರಾಯನಿಗೆ ಕ್ಲಾಸು, ಪ್ರೆಸ್ಸಜ್ಜ ಆ ಮೂಲೆಯಲ್ಲಿ ಎಣ್ಣೆ ಹಾಕುತ್ತ ಕೂತಿದ್ದ. ಇಟ್ಟಿಗೆ ಚೂರಿನ ಹಳೇ ಚೀಲ ಮುಗಿದಿತ್ತು, ಹೊಸ ಚೀಲ ಬಿಚ್ಚಿದಳು. ನೀರು ತಕ್ಕಡಿರಾಯನ ಲೆಕ್ಕದಂತೆ ಒಂದು ಕಿಲೋ ಆರುನೂರ ನಲವತ್ತು ಗ್ರಾಂ, ತೂಗಿಯೇ ಹಾಕಿದಳು. ಎರಡು ನಿಮಿಷ ಕಲಸುವಷ್ಟರಲ್ಲಿ ಮಾಲು ಒಣಗಿ ಉದುರುದುರಾಯಿತು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿಲ್ಲ. ಅವಳು ಯೋಚಿಸಲಿಲ್ಲ, ಸತ್ಯವಾಗಿಯೂ ಯೋಚಿಸಲಿಲ್ಲ. ಮಾಲು ಬಳಿಯುವ ಕರಣೆ ತೊಳೆಯಲೆಂದು ಇಟ್ಟಿದ್ದ ಬಕೆಟ್ಟಿಗೆ ಎರಡೂ ಕೈ ಇಳಿದವು, ಒಂದು ಬೊಗಸೆ ನೀರು ಬಂದು ಮಾಲಿನ ಮೇಲೆ ಬಿತ್ತು. ಮಾಲು ಬೆಣ್ಣೆಯಂತಾಯಿತು.

ಆಮೇಲೆ ತನ್ನ ಒದ್ದೆ ಕೈಗವಸು ನೋಡಿಕೊಂಡಳು. ಅಯ್ಯೋ ನನ್ನ ಕೈಗಿಷ್ಟು!

ಶೀಟು ಎದುರಿಗಿತ್ತು. ಮರೆತಳೇ? ಖಂಡಿತ ಇಲ್ಲ. ಬರೆದರೆ ಈ ಮಾಲು ಚೆಲ್ಲಬೇಕು, ಎಲ್ಲ ತೊಳೆದು ಮತ್ತೆ ಮೊದಲಿನಿಂದ. ಡ್ರಾಪರ್ ಹಿಡಿದ ಮನುಷ್ಯನಿಗೆ "ಬೊಗಸೆಯಲ್ಲಿ ಎರಚಿದೆ" ಎಂದು ಹೇಗೆ ಹೇಳುವುದು? ಮೂದಲಿಸುತ್ತಾನೆ, ಮೇಸ್ತ್ರಿ ಮಗಳ ಬುದ್ಧಿ ಅಂತಾನೆ. ಒಂದು ಬೊಗಸೆ ನೀರು ತಾನೇ, ಯಾರಪ್ಪನ ಗಂಟು ಹೋಯಿತು? ನೀರಿನ ಕಾಲಮ್ಮಿನಲ್ಲಿ 1640 ಎಂದು ದುಂಡಗೆ ಬರೆದು ಸಹಿ ಹಾಕಿದಳು.

ಏಳನೇ ದಿನ ಪ್ರೆಸ್ಸಜ್ಜ ಒಡೆದ. ಹದಿನೇಳು ಬಂದರೆ ಸಾಕಿತ್ತು, ಇಪ್ಪತ್ತೊಂದು ಬಂತು. ಮೂರಕ್ಕೆ ಮೂರೂ. ಲ್ಯಾಬು ನೋಡಿಕೊಳ್ಳುವ ಪ್ರೊಫೆಸರ್ ಮೇಡಂ ತಮ್ಮ ರೂಮಿನಿಂದ ಎದ್ದು ಬಂದು ಒಡೆದ ಚೂರನ್ನು ಕೈಯಲ್ಲಿ ಹಿಡಿದು ನೋಡಿದರು. ಆ ಮೇಡಂ ಯಾರನ್ನೂ ಹೊಗಳಿದವರಲ್ಲ. "ಹೊಸ ಹುಡುಗಿ ಕೈ ಚೆನ್ನಾಗಿದೆ," ಎಂದರು. "ನೀನೂ ಇದನ್ನೇ ಕಲಸು," ಎಂದು ತಕ್ಕಡಿರಾಯನಿಗೆ ಹೇಳಿದರು. "ಅರ್ಧ ಇಟ್ಟಿಗೆ ಆಗುತ್ತೆ ಅಂತ ನಿನ್ನ ಥೀಸಿಸ್ಸಿಗೆ ಇದೇ ಆಧಾರ." ಅವನು ಅಷ್ಟು ದೊಡ್ಡದಾಗಿ ನಕ್ಕದ್ದನ್ನು ಅವಳು ಅಂದೇ ನೋಡಿದ್ದು.

ಮಾರನೇ ದಿನವೇ ಕಲಸಿದ, ಶೀಟು ನೋಡಿಕೊಂಡು, ಗ್ರಾಮಿಗೆ ಗ್ರಾಂ. ಅವನದು ಏಳನೇ ದಿನ ಒಡೆದಾಗ ಹದಿಮೂರು. ಕ್ಯೂಬಿನ ಮೈತುಂಬ ಜೇನುಗೂಡಿನಂಥ ತೂತುಗಳು. "ಸರಿಯಾಗಿ ಕುಟ್ಟಿಲ್ಲಪ್ಪ ನೀನು," ಎಂದ ಪ್ರೆಸ್ಸಜ್ಜ. ಮತ್ತೆ ಕಲಸಿದ, ತೋಳು ಸೋಲುವ ತನಕ ಕುಟ್ಟಿದ. ಇನ್ನೊಂದು ವಾರ ಕಾದ. ಹದಿನಾಲ್ಕು.

"ಐದು ತಿಂಗಳಿಗೆ ಬಂದ ಹುಡುಗಿ ಒಂದೇ ಸಲಕ್ಕೆ ಮಾಡಿದ್ದು, ಎರಡು ವರ್ಷದಿಂದ ಇರೋ ನಿನ್ನ ಕೈಲಿ ಆಗಲ್ವಾ?" ಎಂದರು ಮೇಡಂ, ಎಲ್ಲರ ಎದುರಿಗೆ.

ತಕ್ಕಡಿರಾಯ ತಲೆ ತಗ್ಗಿಸಿಕೊಂಡು ಸೀದಾ ಇವಳ ಹತ್ತಿರ ಬಂದ. ಕೋಪವಿಲ್ಲ, ಅಸೂಯೆಯಿಲ್ಲ. "ನೀನು ಹೇಗೆ ಕುಟ್ತೀಯ ಅಂತ ಒಂದ್ಸಲ ತೋರಿಸ್ತೀಯಾ?" ಎಂದು ಕೇಳಿದ.

ಬಾಯಿ ಬಿಡಬಹುದಿತ್ತು. ಬಿಡಲಿಲ್ಲ ಮಹಾತಾಯಿ! ಸಲಾಕೆ ಹಿಡಿದು ಹೀಗೆ, ಇಷ್ಟು ಆಳಕ್ಕೆ, ಮೂಲೆಗೆ ಮೊದಲು ಎಂದು ಪಾಠ ಮಾಡಿದಳು. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅವಳಾಗಲೇ ಲೆಕ್ಕ ಹಾಕಿದ್ದಳು: ಅವಳ ಕ್ಯೂಬುಗಳಿಗೆ ಇಪ್ಪತ್ತೆಂಟು ದಿನ ತುಂಬಲು ಇನ್ನು ಆರೇ ದಿನ. ಅದಾದ ಮೂರು ದಿನಕ್ಕೆ ವರದಿ, ಆ ಭಾನುವಾರ ವಿಮಾನ. ಈಗ ಹೇಳಿದರೆ ಮಿಕ್ಸು ಕ್ಯಾನ್ಸಲ್, ಹೊಸದಾಗಿ ಕಲಸಿ ಇಪ್ಪತ್ತೆಂಟು ದಿನ ಕಾಯಲು ದಿನಗಳೇ ಇಲ್ಲ. ಕಲಸಿದ ದಿನವೇ ಹೇಳಿದ್ದರೆ ಎಲ್ಲ ಆಗುತ್ತಿತ್ತು. ಆಗ ಒಂದು ಗಂಟೆ ಉಳಿಸಲು ಹೋಗಿ ಈಗ ಒಂದು ವರ್ಷಕ್ಕೆ ತಂದುಕೊಂಡಿದ್ದಳು.

ಭಾನುವಾರ ಬೆಳಿಗ್ಗೆ ಮನೆಗೆ ಫೋನು ಮಾಡಿದಳು. ತಾಯಿ ಎಂದಿನಂತೆ ಊಟ, ನಿದ್ದೆ, ತಲೆಗೆ ಎಣ್ಣೆ ಎಂದು ವಿಚಾರಣೆ ಮುಗಿಸಿ ಫೋನನ್ನು ಅಪ್ಪನಿಗೆ ಕೊಟ್ಟಳು. ಅಪ್ಪ ಫೋನೆಂದರೆ ಕಿರುಚಬೇಕು ಎಂದು ನಂಬಿದವನು.

"ಕಾಂಕ್ರೀಟು ಹೇಗೆ ಬರ್ತಿದೆಯಮ್ಮಾ?"

"ನಂದು ಚೆನ್ನಾಗಿ ಬಂತಪ್ಪ. ಜೊತೇಲಿ ಒಬ್ಬ ಹುಡುಗ ಇದ್ದಾನಲ್ಲ, ಅವನದು ಎರಡು ಸಲ ಕೆಟ್ಟೋಯ್ತು."

"ಏನು ಹಾಕ್ತಾನೆ?"

"ಇಟ್ಟಿಗೆ ಚೂರು. ಹಳೇ ಕಟ್ಟಡದ್ದು."

"ಅಯ್ಯೋ, ಇಟ್ಟಿಗೆ ನೀರು ಕುಡಿಯುತ್ತಲ್ಲಮ್ಮಾ! ಒಂದೊಂದು ಗೂಡಿನ ಇಟ್ಟಿಗೆ ಒಂದೊಂದು ಥರ ಕುಡಿಯುತ್ತೆ. ನೆನೆಸ್ದೆ ಇಟ್ಟಿಗೆ ಮುಟ್ಟಿದ್ರೆ ನಮ್ಮಪ್ಪ ಕರಣೆ ಹಿಂದಿಂದ ಹೊಡೀತಿದ್ರು ನಂಗೆ. ಪಾಪ, ಓದೋ ಹುಡುಗ, ಅವನಿಗೆ ಹೇಗೆ ಗೊತ್ತಾಗ್ಬೇಕು?" ಅಪ್ಪ ಉಸಿರು ತೆಗೆದುಕೊಂಡ. "ನೀನಿದ್ದೀಯಲ್ಲ ಅಲ್ಲಿ. ಹೇಳ್ಲಿಲ್ವಾ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಏನಮ್ಮಾ, ಲೈನು ಹೋಯ್ತಾ?"

"ಇಲ್ಲಪ್ಪ," ಎಂದಳು. ಆಮೇಲೆ ತಡೆಯಲಾಗದೆ ಎಲ್ಲ ಹೇಳಿಬಿಟ್ಟಳು, ಬೊಗಸೆ, ಶೀಟು, ಇಪ್ಪತ್ತೊಂದು, ಹದಿಮೂರು, ಎಲ್ಲ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಹೇಳಿದರೆ ವರ್ಷ ಹೋಗುತ್ತಪ್ಪ ಎಂದಳು.

ಅಪ್ಪ ಕಿರುಚುವುದನ್ನೂ ಮರೆತು ಮೆಲ್ಲಗೆ ಹೇಳಿದ, "ಬೊಗಸೆ ನಂದೇ ಕಣಮ್ಮ. ನಾನೂ ಯಾವತ್ತೂ ಬರೆದಿಟ್ಟವನಲ್ಲ. ಆದ್ರೆ ನನ್ನ ಹಿಂದೆ ಕಲಸೋರು ಯಾರೂ ಇರ್ತಿರ್ಲಿಲ್ಲ. ನಿನ್ನ ಹಿಂದೆ ಆ ಹುಡುಗ ಇದ್ದಾನೆ. ವರ್ಷ ಹೋದ್ರೆ ಹೋಗ್ಲಿ, ನಾಳೆ ಹೋಗಿ ಹೇಳು."

ಸೋಮವಾರ ಮೊದಲು ಹೇಳಿದ್ದು ತಕ್ಕಡಿರಾಯನಿಗೆ, ಇಟ್ಟಿಗೆಯ ಬಗ್ಗೆ ಅಪ್ಪ ಹೇಳಿದ್ದನ್ನೂ ಸೇರಿಸಿ. ಅವನು ಬೈಯುತ್ತಾನೆ ಎಂದು ಗಟ್ಟಿಯಾಗಿ ನಿಂತಿದ್ದಳು. ಅವನು ಬೈಯಲಿಲ್ಲ. "ಕುಟ್ಟೋದು ತೋರಿಸಿದ್ಯಲ್ಲ," ಎಂದ, ಅಷ್ಟೇ. ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟು ಹೊರಗೆ ಹೋದ. ಬೈದಿದ್ದರೇ ಚೆನ್ನಾಗಿತ್ತು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಅವಳ ಶೀಟು ತರಿಸಿ, ಪೆನ್ನಿನಿಂದ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. "ಎಷ್ಟು ನೀರು?" ಎಂದು ಕೇಳಿದರು.

"ಒಂದು ಬೊಗಸೆ."

"ಅದು ಎಷ್ಟು?"

ಅವಳು ಎರಡೂ ಕೈ ಸೇರಿಸಿ ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಪ್ರೆಸ್ಸಜ್ಜ ಗಂಟಲು ಸರಿಮಾಡಿಕೊಂಡು, "ಮೇಡಂ, ತೂಗಿ ನೋಡಿದ್ರಾಯ್ತಲ್ಲ," ಎಂದ.

ತಕ್ಕಡಿಯ ಮೇಲೆ ಪಾತ್ರೆ ಬಂತು, ಪಕ್ಕಕ್ಕೆ ಬಕೆಟ್ಟು ಬಂತು. ಅವತ್ತಿನ ಹಾಗೇ ಕೈಗವಸು ಹಾಕಿಕೊಂಡು ಬೊಗಸೆ ಎತ್ತಿ ಪಾತ್ರೆಗೆ ಹಾಕಿದಳು. ನೂರ ಎಪ್ಪತ್ತೆಂಟು ಗ್ರಾಂ. "ಇನ್ನೊಂದ್ಸಲ," ಎಂದರು ಮೇಡಂ. ನೂರ ಎಪ್ಪತ್ತೈದು. ಹತ್ತು ಸಲ ಎತ್ತಿಸಿದರು. ನೂರ ಎಪ್ಪತ್ತರ ಕೆಳಗೆ ಬರಲಿಲ್ಲ, ನೂರ ಎಂಬತ್ತು ದಾಟಲಿಲ್ಲ. ಪ್ರೆಸ್ಸಜ್ಜ ಮೂಗಿನ ಮೇಲೆ ಬೆರಳಿಟ್ಟುಕೊಂಡ.

"ಈಗ ಹೊಸ ಚೀಲದ ಇಟ್ಟಿಗೆ ನೆನೆಹಾಕಿ," ಎಂದರು ಮೇಡಂ. ಮಾರನೇ ದಿನ ತೂಗಿದಾಗ ಗುಟ್ಟು ಬಯಲಾಯಿತು. ಹಳೇ ಚೀಲದ ಇಟ್ಟಿಗೆ ನೂರು ಗ್ರಾಮಿಗೆ ಹತ್ತು ಗ್ರಾಂ ನೀರು ಕುಡಿಯುತ್ತಿತ್ತು, ಹೊಸದು ಹದಿನೈದು ಕುಡಿಯಿತು. ಬೇರೆ ಕಟ್ಟಡದ್ದು, ಬೇರೆ ಗೂಡಿನದು. ಹಳೇ ಅಂಕಿ ಇಟ್ಟುಕೊಂಡೇ ಎಲ್ಲರೂ ಕಲಸುತ್ತಿದ್ದರು. ಇಡೀ ಮಿಕ್ಸಿಗೆ ಕಡಿಮೆ ಬಿದ್ದ ನೀರು ನೂರ ಎಪ್ಪತ್ತು ಗ್ರಾಮಿನ ಆಸುಪಾಸು.

ಮೇಡಂ ಆ ಅಂಕಿಯನ್ನು ನೋಡುತ್ತ ಕೂತರು. "ನಿನ್ನ ಕೈಗೆ ಗೊತ್ತಿತ್ತು," ಎಂದರು. "ಅವತ್ತೇ ಬರೆದಿದ್ರೆ ಇದನ್ನ ಕಂಡುಹಿಡಿದವಳು ನೀನು ಅಂತ ನಾನೇ ಎಲ್ಲ ಕಡೆ ಹೇಳ್ತಿದ್ದೆ. ಬರೀದೆ ಮುಚ್ಚಿಟ್ಟೆ. ಆ ಹುಡುಗ ಮೂರು ವಾರ ಕಳ್ಕೊಂಡ. ಎರಡೂ ನಿಜ. ಹೊಸದಾಗಿ ಕಲಸು."

"ಇಪ್ಪತ್ತೆಂಟು ದಿನ ನಾನು ಇರಲ್ಲ ಮೇಡಂ."

"ಗೊತ್ತು. ನಿನ್ನ ಕಾಲೇಜಿಗೆ ನಾನು ಬರೀತೀನಿ. ಒಪ್ತಾರೋ ಇಲ್ವೋ ಹೇಳಕ್ಕಾಗಲ್ಲ."

ಅದೇ ಮಂಗಳವಾರ ಅವಳು ಕಲಸಿದಳು, ಈ ಸಲ ಇಟ್ಟಿಗೆ ನೆನೆಸಿ, ಕುಡಿದ ನೀರನ್ನೂ ತೂಗಿ, ಹನಿ ಹನಿಯನ್ನೂ ಶೀಟಿಗೇರಿಸಿ. ತಕ್ಕಡಿರಾಯ ಬಂದು ಆ ಕಡೆಯ ಮೇಜಿನಲ್ಲಿ ತನ್ನದನ್ನು ಕಲಸಿದ. ಮಾತಿಲ್ಲ ಕತೆಯಿಲ್ಲ. ಊರಿನ ಕಾಲೇಜಿನಿಂದ ಒಂದು ಸಾಲಿನ ಉತ್ತರ ಬಂತು: ಮುಂದಿನ ತಿಂಗಳು ಇಪ್ಪತ್ತನೇ ತಾರೀಕಿನವರೆಗೆ ಅಂಕಪಟ್ಟಿ ತೆರೆದಿಡುತ್ತೇವೆ, ಆಮೇಲೆ ಕೇಳಬೇಡಿ. ಕ್ಯೂಬುಗಳಿಗೆ ಇಪ್ಪತ್ತೆಂಟು ದಿನ ತುಂಬುವುದು ಹತ್ತೊಂಬತ್ತಕ್ಕೆ. ಅಷ್ಟೊತ್ತಿಗೆ ಯೂನಿವರ್ಸಿಟಿಗೆ ರಜೆ, ಲ್ಯಾಬಿಗೆ ಬೀಗ, ಮೇಡಂ ಯಾವುದೋ ಸಮ್ಮೇಳನಕ್ಕೆ, ತಕ್ಕಡಿರಾಯ ತನ್ನ ಊರಿಗೆ.

ಹೊರಡುವ ದಿನ ಅವಳು ಅವನ ಮೇಜಿನ ಮುಂದೆ ನಿಂತಳು. "ನಿನ್ನನ್ನ ಕೇಳೋ ಮುಖ ನಂಗಿಲ್ಲ," ಎಂದಳು. "ಆದ್ರೂ ಕೇಳ್ತೀನಿ. ಹತ್ತೊಂಬತ್ತಕ್ಕೆ ಆ ಮೂರು ಕ್ಯೂಬು ಯಾರಾದ್ರೂ ಒಡೆದು ಅಂಕಿ ಕಳಿಸಿದ್ರೆ ನನ್ನ ವರ್ಷ ಉಳಿಯುತ್ತೆ."

ಅವನು ತೂಗುತ್ತಿದ್ದ ಜಗ್ಗಿನಿಂದ ಕಣ್ಣೆತ್ತಲಿಲ್ಲ. "ನೋಡೋಣ," ಎಂದ.

ಊರಿಗೆ ಬಂದ ಮೇಲೆ ಆ "ನೋಡೋಣ" ಅವಳ ಪ್ರಾಣ ಹಿಂಡಿತು. ದಿನಕ್ಕೆ ಹತ್ತು ಸಲ ಫೋನು ತೆಗೆಯುವುದು, ಬರೆಯುವುದು, ಅಳಿಸುವುದು. ಅವನಿಂದ ಒಂದು ಚುಕ್ಕೆಯೂ ಇಲ್ಲ. ಹತ್ತೊಂಬತ್ತರ ಬೆಳಿಗ್ಗೆ ಅಪ್ಪ, "ಮನೇಲಿ ಕೂತು ಫೋನು ನೋಡಿ ನೋಡಿ ಕಣ್ಣು ಕೆಡಿಸ್ಕೋಬೇಡ, ನಡಿ," ಎಂದು ಕೆಲಸದ ಜಾಗಕ್ಕೆ ಎಳೆದುಕೊಂಡು ಹೋದ. ಅಂದು ಒಂದು ಮನೆಗೆ ಮೋಲ್ಡು, ಅಂದರೆ ಕಾಂಕ್ರೀಟು ಚಾವಣಿ, ಹಾಕುವ ದಿನ. ಕಂಬಿ ಕಟ್ಟಿಯಾಗಿತ್ತು, ಮಿಕ್ಸರು ಬಂದು ನಿಂತಿತ್ತು, ಎಂಟು ಜನ ಸಾಲಾಗಿ ಬಾಂಡ್ಲಿ ಹಿಡಿದು ಕಾಯುತ್ತಿದ್ದರು.

ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ವೀಡಿಯೊ ಕಾಲ್. ಪರದೆಯ ಮೇಲೆ ಪ್ರೆಸ್ಸು, ಅದರ ಪಕ್ಕದಲ್ಲಿ ಬೀಗದ ಕೈ ಗೊಂಚಲು ಹಿಡಿದ ಪ್ರೆಸ್ಸಜ್ಜ. ಫೋನು ಹಿಡಿದವನು ಕಾಣುತ್ತಿರಲಿಲ್ಲ, ದನಿ ಕೇಳಿಸಿತು. "ಎರಡು ಒಡೆದಿದ್ದೀವಿ. ಕೊನೇದು ನೀನು ನೋಡ್ಲಿ ಅಂತ ಇಟ್ಟಿದ್ದೀವಿ."

ಅಪ್ಪ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಹಿಂದೆ ಎಂಟು ಜನ ಬಾಂಡ್ಲಿ ಹಿಡಿದೇ ಬಗ್ಗಿದರು. ಪ್ರೆಸ್ಸಿನ ಮುಳ್ಳು ಏರಿತು, ಏರಿತು, ಟಪ್ಪೆಂದು ಕ್ಯೂಬು ಒಡೆಯಿತು.

"ಮೂವತ್ತೊಂದು," ಎಂದಿತು ಆ ದನಿ. "ಮೊದಲನೆಯದು ಮೂವತ್ತು, ಎರಡನೆಯದೂ ಮೂವತ್ತೊಂದು. ಇಪ್ಪತ್ತೈದು ಬಂದ್ರೆ ಸಾಕಿತ್ತು. ನಿನ್ನ ಕಾಲೇಜಿಗೆ ಈಗಲೇ ಕಳಿಸ್ತೀನಿ. ನಂದೂ ಇವತ್ತೇ ಒಡೆದೆ. ಮೂವತ್ತು ಬಂತು."

"ನೀನು ಊರಿಗೆ ಹೋಗಿರ್ಲಿಲ್ವಾ?"

"ಹೋಗಿದ್ದೆ. ಬಸ್ಸಲ್ಲಿ ನಾಲ್ಕು ಗಂಟೆ. ಬಂದೆ." ಈಗ ಅವನು ಫೋನು ತಿರುಗಿಸಿದ. ಮುಖ ಇನ್ನೂ ಬಿಗಿದೇ ಇತ್ತು, ಪೂರ್ತಿ ಕ್ಷಮಿಸಿದವನ ಮುಖವಲ್ಲ ಅದು. "ನಿಮ್ಮಪ್ಪನ್ನ ಒಂದು ಕೇಳು. ಕೈಲಿ ಮುಟ್ಟಿದ ತಕ್ಷಣ ಯಾವ ಇಟ್ಟಿಗೆ ಜಾಸ್ತಿ ಕುಡಿಯುತ್ತೆ ಅಂತ ಹೇಗೆ ಗೊತ್ತಾಗುತ್ತೆ? ನಂಗೆ ಬೇಕು ಅದು. ಬರ್ಕೋತೀನಿ."

ಅವಳು ಕನ್ನಡಕ್ಕೆ ತಿರುಗಿಸಿ ಹೇಳಿದಳು. ಹೇಳುವಾಗಲೇ ಅಳು ಒತ್ತಿ ಬಂತು, ನಗುವೂ ಬಂತು. ಅಪ್ಪ ಕತ್ತು ಕೆರೆದುಕೊಂಡ. ಉತ್ತರ ಅವನಿಗೆ ಗೊತ್ತಿತ್ತು, ಆದರೆ ಅದನ್ನು ಅವನು ಯಾವತ್ತೂ ಮಾತಿನಲ್ಲಿ ಹೇಳಿದವನಲ್ಲ.

"ಸಂಜೆ ಹೇಳ್ತೀನಿ ಅನ್ನು. ಯೋಚ್ನೆ ಮಾಡ್ಬೇಕು," ಎಂದ. ಆಮೇಲೆ ಮಿಕ್ಸರಿನ ಕಡೆ ನಡೆದ. ಅಲ್ಲಿ ನಿಂತವನು ಎಂದಿನಂತೆ ನೀರಿನ ಬಕೆಟ್ಟು ಎತ್ತಿ, "ಮೇಸ್ತ್ರಿ, ಸುರೀಲಾ?" ಎಂದು ಕೇಳಿದ. ಅಪ್ಪ ಕೈ ಅಡ್ಡ ಮಾಡಿ ತಡೆದ. ಎಲ್ಲರ ಎದುರಿಗೆ ಮಗಳ ಕಡೆ ತಿರುಗಿದ.

"ಇವತ್ತು ನೀನು ಹೇಳಮ್ಮ. ಎಷ್ಟು?"

ಅವಳು ಕಣ್ಣೊರೆಸಿಕೊಂಡು ಬಕೆಟ್ಟು ನೋಡಿದಳು. "ಇದು ಎಷ್ಟು ಲೀಟರ್ ಹಿಡಿಯುತ್ತಪ್ಪ?"

ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಥರದ ಬಕೆಟ್ಟು ಎತ್ತಿದ್ದ ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಒಬ್ಬನ ಊಟದ ಚೀಲದಿಂದ ಲೀಟರ್ ಬಾಟಲಿ ಕಿತ್ತುಕೊಂಡು, ಬಕೆಟ್ಟು ಬಗ್ಗಿಸಿ ಖಾಲಿ ಮಾಡಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಬರ್ಕೋ," ಎಂದು ಮಗಳಿಗೆ ಹೇಳಿ, ಒಂದೊಂದೇ ಬಾಟಲಿ ತುಂಬಿ ಸುರಿಯುತ್ತ, ಇಡೀ ಬೀದಿಗೆ ಕೇಳುವ ಹಾಗೆ ಎಣಿಸತೊಡಗಿದ.